ಎರಡು ಸೆಕೆಂಡಿನ ಕೆಂಪು ಚುಕ್ಕೆ

ಎಪ್ಪತ್ತೆರಡನೆಯ ವಯಸ್ಸಿನಲ್ಲಿ ನಾನು ಮತ್ತೆ ಪ್ರೋಗ್ರಾಮ್ ಬರೆಯಲು ಕುಳಿತದ್ದು ನನ್ನ ಕ್ಲಾಸ್‌ಮೇಟ್ ಒಬ್ಬಳಿಂದ ಬೈಸಿಕೊಂಡ ಮೇಲೆ. ಕಂಟೋನ್ಮೆಂಟಿನ ಕಾನ್ವೆಂಟಿನಲ್ಲಿ ನಾವಿಬ್ಬರೂ ಹನ್ನೊಂದು ವರ್ಷ ಒಂದೇ ಬೆಂಚಿನಲ್ಲಿ ಕುಳಿತವರು. ಆಮೇಲೆ ನಾನು ಬಿ.ಎಸ್ಸಿ. ಮ್ಯಾಥ್ಸ್ ಮುಗಿಸಿ ಕೆ.ಆರ್. ಪುರದ ಕಡೆಯ ಟೆಲಿಫೋನ್ ಕಾರ್ಖಾನೆಗೆ ಸೇರಿದೆ. ಅವಳು ನರ್ಸಿಂಗ್ ಓದಿ ಸನ್ಯಾಸಿನಿಯಾದಳು. ಈಗ ಶಿವಾಜಿನಗರದ ಬಸ್ ಸ್ಟ್ಯಾಂಡಿಗೆ ಬೆನ್ನು ಮಾಡಿರುವ ಒಂದು ಗಲ್ಲಿಯಲ್ಲಿ, ಮೊದಲ ಮಹಡಿಯ ಮೇಲೆ, ಆರು ಹಾಸಿಗೆಯ ಪುಟ್ಟ ಕೇಂದ್ರವೊಂದನ್ನು ನಡೆಸುತ್ತಾಳೆ. ಅಲ್ಲಿಗೆ ಬರುವವರು ತಲಸ್ಸೇಮಿಯಾ ಇರುವ ಮಕ್ಕಳು. ಅವರ ಮೈ ತನಗೆ ಬೇಕಾದಷ್ಟು ರಕ್ತವನ್ನು ತಾನೇ ಮಾಡಿಕೊಳ್ಳಲಾರದು. ಮೂರು ವಾರಕ್ಕೊಮ್ಮೆ ಹೊರಗಿನಿಂದ ಕೊಡಬೇಕು, ಎಳೆಗೂಸಾಗಿದ್ದಾಗಿನಿಂದ, ತಪ್ಪದೆ. ಊರೆಲ್ಲ ಅವಳನ್ನು ಸಿಸ್ಟರ್ ಎನ್ನುತ್ತದೆ. ನಾಲ್ಕು ಜನರೆದುರು ನಾನೂ ಹಾಗೇ ಕರೆಯುತ್ತೇನೆ, ನಗು ತಡೆದುಕೊಂಡು.

"ಪೆನ್ಶನ್ ತಗೊಂಡು ಹಲಸೂರು ಕೆರೆ ಇನ್ನೆಷ್ಟು ರೌಂಡ್ ಹೊಡೀತೀಯೇ? ನಿನ್ನ ನೋಡೀ ನೋಡೀ ಕೆರೆಗೇ ತಲೆ ಸುತ್ತು ಬಂದಿರುತ್ತೆ" ಎಂದಳು ಒಂದು ದಿನ. "ಬಂದು ಏನಾದ್ರೂ ಉಪಯೋಗಕ್ಕೆ ಬಾರೇ."

ಹೋದೆ. ಮೊದಮೊದಲು ಮಕ್ಕಳಿಗೆ ಮ್ಯಾಥ್ಸ್ ಹೇಳಿಕೊಡುತ್ತಿದ್ದೆ. ರಕ್ತ ಹನಿಹನಿಯಾಗಿ ಇಳಿದು ಮುಗಿಯಲು ಮೂರು ಗಂಟೆಯಾದರೂ ಬೇಕು. ಅಷ್ಟು ಹೊತ್ತು ಒಂದು ಕೈ ಅಲ್ಲಾಡಿಸದೆ ಮಲಗಿರುವ ಮಕ್ಕಳಿಂದ ಇನ್ನೊಂದು ಕೈಯಲ್ಲಿ ಲೆಕ್ಕ ಮಾಡಿಸುವುದು. ಅವರೆಲ್ಲ ನನ್ನನ್ನು ಮಿಸ್ ಎಂದು ಕರೆಯತೊಡಗಿದರು. ಈ ವಯಸ್ಸಿನಲ್ಲಿ ಮಿಸ್ ಆಗುವ ಯೋಗ ಎಷ್ಟು ಜನಕ್ಕೆ ಸಿಗುತ್ತದೆ!

ಸಿಸ್ಟರ್ ಮಾಡುವ ಬೆಳಗಿನ ಫೋನನ್ನು ನಾನು ನೋಡಿದ್ದು ಆ ದಿನಗಳಲ್ಲಿ. ಕೇಂದ್ರದಲ್ಲಿ ರಕ್ತ ಇಟ್ಟುಕೊಳ್ಳುವುದಿಲ್ಲ. ಊರಿನ ಈ ಕಡೆಯ ನಾಲ್ಕು ಬ್ಲಡ್ ಬ್ಯಾಂಕುಗಳಲ್ಲಿ ಯಾರ ಹತ್ತಿರ ಯಾವ ಗುಂಪಿನದು ಇದೆ ಎಂದು ಎಂಟು ಗಂಟೆಗೆ ಕೇಳಿ, ಮಗುವಿನ ಮನೆಯವರನ್ನು ಅಲ್ಲಿಗೆ ಕಳಿಸುತ್ತಿದ್ದಳು. ಮೂರು ಕಡೆಯವರು ಪಟಪಟ ಹೇಳಿ ಇಟ್ಟುಬಿಡುತ್ತಿದ್ದರು. ಕೆ.ಆರ್. ಪುರದ ಆಸ್ಪತ್ರೆಯ ಬ್ಯಾಂಕಿನವನು ಮಾತ್ರ, "ಲೈನಲ್ಲೇ ಇರಿ ಸಿಸ್ಟರ್" ಎಂದು ರಿಸೀವರನ್ನು ಮೇಜಿನ ಮೇಲೆ ಮಲಗಿಸಿ ಎದ್ದು ಹೋಗುತ್ತಿದ್ದ. ಫ್ರಿಜ್ ತೆಗೆದು, ಒಂದೊಂದೇ ಚೀಲ ಮುಟ್ಟಿ ನೋಡಿ, ಬಂದು ಹೇಳುತ್ತಿದ್ದ. ಸಿಸ್ಟರ್ ಫೋನನ್ನು ಸ್ಪೀಕರಿಗೆ ಹಾಕಿ, ಪಕ್ಕದಲ್ಲಿಟ್ಟುಕೊಂಡು, ಹತ್ತಿ ಉಂಡೆ ಮಾಡುತ್ತ ಕೂರುತ್ತಿದ್ದಳು. ಫೋನಿನೊಳಗಿಂದ ಫ್ಯಾನಿನ ಸದ್ದು, ಯಾರದೋ ಕೆಮ್ಮು, ಒಂದು ಬಾಗಿಲು ಕಿರ್ರೆನ್ನುವುದು.

"ಇದೇನೇ ಇದು, ಲೈನ್ ಹೀಗೆ ಹಿಡ್ಕೊಂಡು ಕೂತಿದೀಯ?" ಎಂದು ನಾನು ಕಿರಿಕಿರಿಗೊಂಡೆ.

"ಅವನು ಕಣ್ಣಲ್ಲಿ ನೋಡ್ದೆ ಬಾಯಲ್ಲಿ ಹೇಳಲ್ಲ ಕಣೇ. ಅದಕ್ಕೇ ಅವನ ಮಾತು ನಂಗಿಷ್ಟ."

ನನಗೆ ಅದು ಇಷ್ಟವಾಗಲಿಲ್ಲ. ಅದಕ್ಕೆ ಕಾರಣವಿತ್ತು. ಕಾರ್ಖಾನೆಯಲ್ಲಿ ನಾನಿದ್ದದ್ದು ಎಕ್ಸ್‌ಚೇಂಜ್‌ನ ಸಾಫ್ಟ್‌ವೇರ್ ಬರೆಯುವ ಸೆಕ್ಷನ್. ಎತ್ತಿದ ರಿಸೀವರಿಗೆ ಎಷ್ಟು ಸೆಕೆಂಡು ಡಯಲ್ ಟೋನ್ ಕೊಡಬೇಕು, ಎತ್ತದ ಫೋನನ್ನು ಎಷ್ಟು ಹೊತ್ತು ರಿಂಗ್ ಮಾಡಬೇಕು, ಯಾವಾಗ ಸಾಕು ಎಂದು ಲೈನನ್ನು ಬಿಡಿಸಿಕೊಳ್ಳಬೇಕು, ಇವೆಲ್ಲಕ್ಕೂ ಒಂದೊಂದು ಅಂಕಿ. ಆ ಅಂಕಿಗಳ ಪಟ್ಟಿ ನನ್ನ ವಶದಲ್ಲಿತ್ತು. ಒಬ್ಬರು ಸುಮ್ಮನೆ ಹಿಡಿದುಕೊಂಡ ಲೈನು ಇನ್ನೊಬ್ಬರಿಗೆ ಸಿಗದ ಲೈನು ಎಂದು ನಮ್ಮ ಮೇಲಿನವರು ಮಂತ್ರದ ಹಾಗೆ ಹೇಳುತ್ತಿದ್ದರು. ಮೂವತ್ತು ವರ್ಷ ನಾನು ಸೆಕೆಂಡುಗಳನ್ನು ಹುರುಳಿಕಾಯಿಯ ತುದಿ ಮುರಿಯುವ ಹಾಗೆ ಮುರಿದು ಹಾಕಿದವಳು. ಮನೆಯಲ್ಲಿ ಕುಕ್ಕರಿನ ಕೊನೆಯ ವಿಶಲ್‌ಗೂ ನಾನು ಕಾಯುತ್ತಿರಲಿಲ್ಲ.

ಆ ಹೊತ್ತಿಗೆ ನಾಲ್ಕೂ ಬ್ಯಾಂಕಿನವರು ತಮ್ಮ ದಾಸ್ತಾನನ್ನು ಕಂಪ್ಯೂಟರಿಗೆ ಹಾಕಿದ್ದರು. ಹೊರಗಿನ ಇನ್ನೊಂದು ಕಂಪ್ಯೂಟರ್ ಕೇಳಿದರೆ ಅದು ಉತ್ತರ ಕೊಡುವಂಥ ವ್ಯವಸ್ಥೆ. "ಇಷ್ಟಕ್ಕೆ ಯಾಕೆ ಒಂದು ಗಂಟೆ ಫೋನ್ ಮಾಡ್ತೀಯ? ನಾನು ಪ್ರೋಗ್ರಾಮ್ ಬರೆದುಕೊಡ್ತೀನಿ, ಲೀವ್ ಇಟ್ ಟು ಮಿ" ಎಂದೆ. ಹೇಳುವಾಗ ಸ್ವಲ್ಪ ಎದೆ ಉಬ್ಬಿತ್ತು.

ಕಾಲ ಎಷ್ಟು ಬದಲಾಗಿದೆ ಎಂದರೆ, ನಾವು ಆರು ತಿಂಗಳು ಕೂತು ಬರೆಯುತ್ತಿದ್ದುದನ್ನು ಈಗ ಯಾರೋ ಮೊದಲೇ ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿರುತ್ತಾರೆ. ಅದಕ್ಕೆ ಲೈಬ್ರರಿ ಎನ್ನುತ್ತಾರೆ. ಒಂದು ಸಾಲು ಬರೆದು ಅದನ್ನು ಕರೆದರೆ ಸಾಕು, ನಿಮ್ಮ ಪರವಾಗಿ ಇನ್ನೊಂದು ಕಂಪ್ಯೂಟರಿನ ಬಾಗಿಲಿಗೆ ಹೋಗಿ, ಕೇಳಿ, ಉತ್ತರ ತಂದುಕೊಡುತ್ತದೆ. ಎಷ್ಟು ಹೊತ್ತು ಕಾಯಬೇಕು ಎಂದು ನೀವು ಹೇಳದಿದ್ದರೆ ಕಾಯುತ್ತಲೇ ಇರುತ್ತದೆ. ಇದು ನನಗೆ ಮೊದಲು ಗೊತ್ತಿರಲಿಲ್ಲ. ಎರಡನೆಯ ದಿನವೇ ದೊಮ್ಮಲೂರಿನ ಬ್ಯಾಂಕಿನ ಕಂಪ್ಯೂಟರ್ ಕೈಕೊಟ್ಟಿತು. ನಮ್ಮ ಪರದೆ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಬಿಳಿಯಾಗಿ ನಿಂತಿತು.

"ಏನ್ ಮಾಡ್ತಿದೆ ಇದು?" ಎಂದಳು ಸಿಸ್ಟರ್.

"ಕಾಯ್ತಾ ಇದೆ."

"ಕಾಯೋದಲ್ಲಮ್ಮ, ಜಪ ಮಾಡ್ತಿದೆ. ನಮ್ಮ ಚಾಪೆಲ್‌ನಲ್ಲಿ ಕೂರ್ಸು."

ಅವಮಾನವಾಯಿತು. ಮನೆಗೆ ಬಂದು ಆ ಲೈಬ್ರರಿಯ ಕೈಪಿಡಿ ತೆಗೆದೆ. ಕಾಯುವುದು ಎರಡು ಬಗೆ ಎಂದು ಅದರಲ್ಲಿ ಚೆನ್ನಾಗಿಯೇ ಬರೆದಿತ್ತು. ಬಾಗಿಲು ತಟ್ಟಿ, ತೆಗೆಯುವವರೆಗೆ ಕಾಯುವುದು ಒಂದು. ತೆಗೆದವರು ಒಳಗೆ ಹೋಗಿ ಉತ್ತರ ತರುವವರೆಗೆ ಕಾಯುವುದು ಇನ್ನೊಂದು. ಎರಡಕ್ಕೂ ಬೇರೆಬೇರೆ ಟೈಮ್‌ಔಟ್, ಎಂದರೆ ಕಾಯುವ ಗಡುವು, ಇಷ್ಟು ಸೆಕೆಂಡು ಎಂದು ಕೊಡಬಹುದು. ಒಂದೇ ಅಂಕಿ ಕೊಟ್ಟರೆ ಎರಡಕ್ಕೂ ಅದನ್ನೇ ಹಾಕಿಕೊಳ್ಳುತ್ತದೆ. ನಾನು ಒಂದೇ ಅಂಕಿ ಕೊಟ್ಟೆ. ಎರಡು. ಕಾರ್ಖಾನೆಯ ಕಾಲದ ಕೈ ಅದು, ತಾನೇ ಹೋಗಿ ಎರಡು ಒತ್ತಿತು. ಎರಡು ಸೆಕೆಂಡಿನಲ್ಲಿ ಉತ್ತರ ಬಂದರೆ ಸರಿ, ಇಲ್ಲವಾದರೆ ಲೈನ್ ಬಿಟ್ಟು ಮುಂದಿನ ಬ್ಯಾಂಕಿಗೆ ಹೋಗು.

ಪರದೆಯ ಮೇಲೆ ಪ್ರತಿ ಬ್ಯಾಂಕಿನ ಹೆಸರಿನ ಮುಂದೆ ಒಂದು ಚುಕ್ಕೆ. ಆ ಗುಂಪಿನ ರಕ್ತ ಇದ್ದರೆ ಹಸಿರು. ಇಲ್ಲದಿದ್ದರೆ ಕೆಂಪು. ಕೇಳುವಾಗ ಏನೇ ತೊಂದರೆಯಾದರೂ ಕೆಂಪನ್ನೇ ಹಾಕು ಎಂದೂ ಬರೆದೆ. ಯಾರೂ ಸುಮ್ಮನೆ ಅಷ್ಟು ದೂರ ಹೋಗಿ ಬರಿಗೈಯಲ್ಲಿ ಬರುವುದು ಬೇಡ ಎಂಬ ದಯೆ ನನ್ನದು. ಭಾನುವಾರ ಮಧ್ಯಾಹ್ನ ಕೂತು ಪರೀಕ್ಷೆ ಮಾಡಿದೆ. ನಾಲ್ಕೂ ಬ್ಯಾಂಕುಗಳು ಥಟ್ಟನೆ ಉತ್ತರ ಕೊಟ್ಟವು. ಸೋಮವಾರ ಒಳ್ಳೆಯ ಸೀರೆ ಉಟ್ಟುಕೊಂಡು ಹೋಗಿ ಸಿಸ್ಟರ್‌ಗೆ ಒಪ್ಪಿಸಿದೆ. ಅವಳ ಬೆಳಗಿನ ಫೋನು ನಿಂತಿತು. ಉಳಿದ ಒಂದು ಗಂಟೆಯಲ್ಲಿ ಇನ್ನೊಂದು ಮಗುವನ್ನು ಬೇಗ ಮಲಗಿಸಬಹುದಾಯಿತು. ಅವಳು ನನ್ನನ್ನು ಹೊಗಳಿದ್ದು ಜೀವನದಲ್ಲಿ ಅದು ಎರಡನೆಯ ಸಲ.

ಸುಮಾರು ಒಂದೂವರೆ ತಿಂಗಳು ಕಳೆದಿರಬೇಕು.

ಅಲ್ಲಿಗೆ ಬರುವವರಲ್ಲಿ ಹದಿನಾಲ್ಕು ವರ್ಷದ ಒಬ್ಬ ಹುಡುಗಿ. ಗುಂಪು ಬಿ ನೆಗೆಟಿವ್, ಸುಲಭಕ್ಕೆ ಸಿಗುವಂಥದ್ದಲ್ಲ. ತಾಯಿ ರಸೆಲ್ ಮಾರ್ಕೆಟ್ಟಿನ ಹಿಂದೆ ಮನೆಯಲ್ಲೇ ಬುರ್ಖಾ ಹೊಲಿಯುತ್ತಾಳೆ. ಅವರವರಲ್ಲಿ ದಖ್ಖನಿ ಉರ್ದು, ನಮ್ಮ ಜೊತೆ ಕನ್ನಡ. ಹುಡುಗಿಗೆ ಬಾಯಿ ಜಾಸ್ತಿ, ಲೆಕ್ಕವೂ ಚೆನ್ನಾಗಿ ಬರುತ್ತದೆ, ಹಾಗಾಗಿ ನನಗೆ ಅವಳ ಮೇಲೆ ಪಾರ್ಶಿಯಾಲಿಟಿ. ಹಿಂದಿನ ಸರದಿಯಲ್ಲಿ ನಾಲ್ಕೂ ಚುಕ್ಕೆ ಕೆಂಪಾಗಿ, ಅವಳಿಗೆ ರಕ್ತ ಸಿಕ್ಕಿದ್ದು ಐದು ದಿನ ತಡವಾಗಿ. ಅವಳ ಚಿಕ್ಕಪ್ಪ ಅಂಗಡಿ ಅಂಗಡಿ ಸುತ್ತಿ, ಅದೇ ಗುಂಪಿನವನೊಬ್ಬನನ್ನು ಹುಡುಕಿ ತಂದು ಕೊಡಿಸಿದ್ದ. ಈ ಸರದಿಯಲ್ಲಿ ಸೋಮವಾರ ಬರಬೇಕಿತ್ತು. ಸೋಮವಾರ ಕೆಂಪು, ಮಂಗಳವಾರ ಕೆಂಪು, ಬುಧ, ಗುರು. ಶುಕ್ರವಾರ ತಾಯಿ ಕೇಳದೆಯೇ ಕರೆದುಕೊಂಡು ಬಂದುಬಿಟ್ಟಳು. ಸಿಸ್ಟರ್ ಹುಡುಗಿಯ ಕೆಳರೆಪ್ಪೆ ಎಳೆದು ನೋಡಿದಳು. ಒಳಗೆ ಕಾಗದದ ಬಣ್ಣ.

"ಇವತ್ತು ಆಗಲೇಬೇಕು" ಎಂದಳು ನನ್ನ ಕಡೆ ತಿರುಗಿ, ಮೆಲ್ಲನೆ. "ನಾಳೆಗೆ ಬಿಡೋ ಹಾಗಿಲ್ಲ. ಉಸಿರು ನೋಡು, ಹೇಗೆ ಎಳೀತಾಳೆ."

ಪರದೆ ತೆರೆದೆ. ನಾಲ್ಕೂ ಕೆಂಪು.

"ಮೊದ್ಲು ಹಿಂಗಿರ್ಲಿಲ್ಲಮ್ಮಾ" ಎಂದಳು ತಾಯಿ. "ಸಿಸ್ಟರ್ ಫೋನ್ ಮಾಡ್ತಿದ್ದಾಗ ಕೆ.ಆರ್. ಪುರದಲ್ಲಿ ಒಂದಾದ್ರೂ ಸಿಗ್ತಿತ್ತು. ಆ ಭಾಯಿ ಎತ್ತಿಡ್ತಿದ್ರು."

"ಈಗ ಇಲ್ವಲ್ಲಮ್ಮ. ಇಲ್ಲಿ ನೋಡಿ, ರೆಡ್ ಬಂದಿದೆ" ಎಂದೆ. ಕಾನ್ವೆಂಟಿನಲ್ಲಿ ನಮಗೆ ಜಾಮಿಟ್ರಿ ಕಲಿಸಿದ ಮದರ್ ಮಾತಾಡುತ್ತಿದ್ದ ಧಾಟಿ ಅದು, ಇನ್ನು ಪ್ರಶ್ನೆಯಿಲ್ಲ ಎನ್ನುವಂಥದ್ದು. ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ಹುಡುಗಿ ಗೋಡೆಗೊರಗಿ ಕೂತಿದ್ದವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು: "ಮಿಸ್, ಆ ಕೆಂಪು ಅವರು ಕೊಟ್ಟಿದ್ದಾ, ನೀವು ಹಾಕಿದ್ದಾ?"

"ಅವರ ಹತ್ರ ಇದ್ರೆ ಗ್ರೀನ್, ಇಲ್ಲದಿದ್ರೆ ರೆಡ್. ಅಷ್ಟೇ."

"ಅವರು ಏನೂ ಹೇಳ್ದೇನೇ ಇದ್ರೆ?"

"ಚುಪ್" ಎಂದಳು ತಾಯಿ. "ಮಿಸ್‌ಗೆ ಎದುರು ಮಾತಾಡ್ತೀಯಾ?"

"ಎದುರಲ್ಲ ಅಮ್ಮಿ, ಡೌಟ್."

ನಾನು ಉತ್ತರ ಕೊಡಲು ಬಾಯಿ ತೆರೆದೆ. ಏನೇ ತೊಂದರೆಯಾದರೂ ಕೆಂಪು ಹಾಕು ಎಂದು ನಾನೇ ಬರೆದಿದ್ದ ಸಾಲು ಕಣ್ಣ ಮುಂದೆ ಬಂತು. ಪ್ರೋಗ್ರಾಮು ತಾನು ಮಾಡಿದ್ದನ್ನೆಲ್ಲ ಒಂದು ಕಡತದಲ್ಲಿ ಬರೆದಿಡುತ್ತಿತ್ತು. ಆ ಲಾಗನ್ನು ನಾನು ಒಮ್ಮೆಯೂ ತೆಗೆದು ನೋಡಿರಲಿಲ್ಲ. ಈಗ ತೆಗೆದೆ. ಕೆ.ಆರ್. ಪುರ: ಬಾಗಿಲು ತೆರೆಯಿತು, ಎರಡು ಸೆಕೆಂಡಿನಲ್ಲಿ ಉತ್ತರ ಬರಲಿಲ್ಲ, ಬಿಡಲಾಗಿದೆ. ಹಿಂದಿನ ದಿನ ಅದೇ. ಅದರ ಹಿಂದಿನ ದಿನ ಅದೇ. ಬೆರಳಿನಿಂದ ಮೇಲೆ ಮೇಲೆ ತಳ್ಳುತ್ತ ಹೋದೆ. ನಾನು ಒಳ್ಳೆಯ ಸೀರೆ ಉಟ್ಟಿದ್ದ ಸೋಮವಾರದವರೆಗೂ ಅದೇ. ಉಳಿದ ಮೂರು ಬ್ಯಾಂಕುಗಳ ಕೆಂಪು ನಿಜವಾದ ಕೆಂಪು, ಅವರು ಕೇಳಿಸಿಕೊಂಡು ಇಲ್ಲ ಎಂದಿದ್ದರು. ಈ ನಾಲ್ಕನೆಯವರು ಒಂದು ದಿನವೂ ಇಲ್ಲ ಎಂದಿರಲಿಲ್ಲ. ಅವರ ಪರವಾಗಿ ಅಷ್ಟು ದಿನವೂ ನಾನು ಇಲ್ಲ ಎಂದಿದ್ದೆ.

"ಸಿಸ್ಟರ್, ಫೋನ್ ಕೊಡು" ಎಂದೆ. ಜನರೆದುರು ಏಕವಚನ ಬಂದುಬಿಟ್ಟಿತು.

ಎತ್ತಿದವನಿಗೆ ನಂಬರಿನಿಂದಲೇ ಗುರುತು ಸಿಕ್ಕಿತು. "ಏನ್ ಸಿಸ್ಟರ್, ಎಲ್ಲೋಗ್ಬಿಟ್ರಿ! ನಮ್ಮೇಲೆ ಬೇಜಾರಾ ಅಂತ ನಾನು ದಿನಾ ಅನ್ಕೋತೀನಿ."

ಸಿಸ್ಟರ್ ನನ್ನ ಕೈಯಿಂದ ಫೋನ್ ಕಸಿದು, "ಬೇಜಾರೆಲ್ಲ ಆಮೇಲೆ. ಬಿ ನೆಗೆಟಿವ್ ಇದೆಯಾ ಹೇಳಪ್ಪಾ" ಎಂದಳು.

"ಲೈನಲ್ಲೇ ಇರಿ."

ಅವಳು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. ಫ್ಯಾನು ತಿರುಗುವುದು ಕೇಳಿಸುತ್ತಿತ್ತು. ಅಲ್ಲಿ ಯಾರೋ ಯಾರನ್ನೋ ಟೀ ಆಯ್ತಾ ಎಂದು ಕೇಳಿದರು. ತಾಯಿ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಸಿಸ್ಟರ್ ಈ ಸಲ ಹತ್ತಿ ಮುಟ್ಟಲಿಲ್ಲ. ಕಿಟಕಿಯಾಚೆ ಬಸ್ಸೊಂದು ಹಿಂದೆ ಹಿಂದೆ ಬರುತ್ತಿತ್ತು, ಕಂಡಕ್ಟರ್ ಅದರ ತಗಡನ್ನು ಬಡಿಯುತ್ತಿದ್ದ. ಒಂದು ನಿಮಿಷವಾಯಿತು. ಎರಡಾಯಿತು. ಹುಡುಗಿಯ ಉಸಿರು ಮಾತ್ರ ಚಿಕ್ಕದಾಗಿ, ಬೇಗ ಬೇಗ ಹೋಗಿ ಬರುತ್ತಿತ್ತು. ನಾನು ಅದನ್ನು ಎಣಿಸತೊಡಗಿ, ಹೆದರಿ ನಿಲ್ಲಿಸಿದೆ.

ಬಾಗಿಲು ಕಿರ್ರೆಂದಿತು.

"ಎರಡಿದೆ ಸಿಸ್ಟರ್. ಸ್ಯಾಂಪಲ್ ಕಳಿಸಿಕೊಡಿ, ಮ್ಯಾಚ್ ನೋಡಿ ಕೊಡ್ತೀನಿ."

"ಕಡವುಳೇ" ಎಂದು ತನ್ನ ಮನೆಮಾತಾದ ತಮಿಳಿನಲ್ಲಿ ದೇವರನ್ನು ಕರೆದಳು ಸಿಸ್ಟರ್. ತಾಯಿ ಆಗಲೇ ಚಪ್ಪಲಿ ಹುಡುಕುತ್ತಿದ್ದಳು.

ಹುಡುಗಿಯ ತೋಳಿನಿಂದ ಒಂದಿಷ್ಟು ರಕ್ತ ತೆಗೆದು ಪುಟ್ಟ ನಳಿಕೆಗೆ ತುಂಬಿ, ಚೀಟಿ ಬರೆದು, ಐಸ್ ಇಟ್ಟ ಡಬ್ಬಿಯನ್ನು ತಾಯಿಯ ಕೈಗೆ ಕೊಟ್ಟಳು ಸಿಸ್ಟರ್. ನಾನೂ ಹೊರಟು ನಿಂತೆ.

"ನೀನ್ಯಾಕೇ? ಮೊನ್ನೆ ತಾನೇ ಮಂಡಿ ಮಂಡಿ ಅಂತಿದ್ದೆ."

"ನಾನು ಹೋಗ್ಬೇಕು" ಎಂದೆ. ಅವಳು ನನ್ನ ಮುಖ ನೋಡಿ, ನನ್ನ ಛತ್ರಿ ತೆಗೆದು ಕೈಗಿಟ್ಟಳು.

ಹಲಸೂರಿನವರೆಗೆ ಆಟೋ, ಅಲ್ಲಿಂದ ಮೆಟ್ರೋ. ಹೊತ್ತು ಹನ್ನೊಂದಾಗಿದ್ದರಿಂದ ಕೂರಲು ಜಾಗ ಸಿಕ್ಕಿತು. ಕೆಳಗೆ ಓಲ್ಡ್ ಮದ್ರಾಸ್ ರೋಡು. ಅದೇ ರಸ್ತೆಯಲ್ಲಿ ಮೂವತ್ತು ವರ್ಷ ಕಾರ್ಖಾನೆಯ ಬಸ್ಸಿನಲ್ಲಿ ಹೋಗಿ ಬಂದವಳು ನಾನು, ಎಡಗಡೆಯ ಮೂರನೆಯ ಸೀಟು. ಆಗ ಬೈಯಪ್ಪನಹಳ್ಳಿ ದಾಟಿದರೆ ಗಾಳಿಯೇ ಬೇರೆಯಾಗುತ್ತಿತ್ತು. ಒಮ್ಮೆ ಆ ಬಸ್ಸಿನಲ್ಲಿ ಡ್ರಾಯಿಂಗ್ ಸೆಕ್ಷನ್ನಿನ ಒಬ್ಬರು ಪಕ್ಕದಲ್ಲಿ ಕೂತು, ನಿಮ್ಮ ತಂದೆಯವರನ್ನು ಬಂದು ನೋಡಲೇ ಎಂದು ಕೇಳಿದ್ದರು. ನಾನು ಕಿಟಕಿಯ ಕಡೆ ನೋಡುತ್ತ ಕೂತೆ. ಹೇಳಬೇಕಾದದ್ದು ಮನಸ್ಸಿನಲ್ಲಿತ್ತು, ಕನ್ನಡದಲ್ಲಿ ಹೇಳಲೋ ಇಂಗ್ಲಿಷಿನಲ್ಲೋ ಎಂದು ಜೋಡಿಸಿಕೊಳ್ಳುತ್ತಿದ್ದೆ. ಅವರು ಇಂದಿರಾನಗರದಲ್ಲಿ, ಸಾರಿ, ಡಿಸ್ಟರ್ಬ್ ಮಾಡಿದೆ ಎಂದು ಇಳಿದುಹೋದರು. ಒಳ್ಳೆಯ ಮನುಷ್ಯ. ಅವರ ಮೊಮ್ಮಗಳ ಮದುವೆಗೆ ನನ್ನನ್ನು ಕರೆದಿದ್ದರು.

ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ತಾಯಿ ಎದುರಿನ ಬಾಗಿಲನ್ನೇ ನೋಡುತ್ತಿದ್ದಳು. ಕೆ.ಆರ್. ಪುರ ಬರುವ ಮೊದಲು ಹೇಳಿಬಿಡಬೇಕು ಎಂದುಕೊಂಡೆ.

"ತಪ್ಪು ನಂದಮ್ಮ" ಎಂದೆ. "ಅವರ ಹತ್ರ ರಕ್ತ ಇತ್ತು. ಅವರ ಕಂಪ್ಯೂಟರ್ ಉತ್ತರ ಕೊಡೋದು ನಿಧಾನ. ನನ್ನದು ಎರಡು ಸೆಕೆಂಡ್ ಕಾದು ಬಿಟ್ಟುಬಿಡ್ತಿತ್ತು, ಕೆಂಪು ಹಾಕ್ತಿತ್ತು. ಹೋದ ಸಲಾನೂ ಬಹುಶಃ ಹಾಗೇ ಆಗಿರ್ಬೇಕು."

ಅವಳು ತಿರುಗಲಿಲ್ಲ. ಇಂದಿರಾನಗರ ಹೋಯಿತು, ಅದರ ಮುಂದಿನದೂ ಹೋಯಿತು. ಬೈಯಪ್ಪನಹಳ್ಳಿಯಲ್ಲಿ ಲ್ಯಾಪ್‌ಟಾಪ್ ಬ್ಯಾಗಿನ ಹುಡುಗರು ಹತ್ತಿದರು. ನಾನು ಇನ್ನೇನೂ ಸೇರಿಸದೆ ಕೂತೆ.

"ಹೋದ ಸಲ ಐದು ದಿನ ಅವಳು ಊಟ ಮಾಡಿಲ್ಲ" ಎಂದಳು ಕೊನೆಗೆ. "ಸ್ಕೂಲಿಗೆ ಹೋಗಿಲ್ಲ. ನಾನು ಅವಳ ಪಕ್ಕ ಕೂತು ಹೊಲೀತಿದ್ದೆ, ಮಿಷಿನ್ ಸದ್ದಿಗೂ ತಲೆನೋವು, ನಕ್ಕೋ ಅಮ್ಮಿ ನಕ್ಕೋ ಅಂತಿದ್ಲು. ಬೇಡ ಅಂದ್ರೆ ಹೆಂಗೆ ಬಿಡ್ಲಿ? ಆರ್ಡರ್ ಇತ್ತು."

"ಹೂಂ."

"ಅಲ್ಲಮ್ಮಾ, ಎರಡು ಸೆಕೆಂಡಲ್ಲಿ ಯಾರು ಉತ್ತರ ಕೊಡ್ತಾರೆ? ನಮ್ಮನೇಲಿ ಊಟ ಆಯ್ತಾ ಅಂತ ಕೇಳಿದ್ರೂ ನಮ್ಮವರು ಅರ್ಧ ಗಂಟೆ ತಗೋತಾರೆ."

ನನಗೆ ಥಟ್ಟನೆ ನಗು ಬಂತು. ಅವಳು ನಗಲಿಲ್ಲ. ನಾನು ಬಾಯಿ ಮುಚ್ಚಿಕೊಂಡೆ. ಡಬ್ಬಿಯ ಒಂದು ಪಕ್ಕ ತಣ್ಣಗೆ ನನ್ನ ಮಂಡಿಗೆ ತಾಗುತ್ತಿತ್ತು.

ಬ್ಲಡ್ ಬ್ಯಾಂಕ್ ಆಸ್ಪತ್ರೆಯ ನೆಲಮಹಡಿಯಲ್ಲಿ, ಮೆಟ್ಟಿಲಿನ ಅಡಿಯಲ್ಲಿತ್ತು. ಫೋನಿನ ಮನುಷ್ಯ ಐವತ್ತರ ಆಸುಪಾಸಿನವರು, ಎತ್ತರಕ್ಕೆ, ಕನ್ನಡಕದ ಕಾಲಿಗೆ ದಾರ ಕಟ್ಟಿಕೊಂಡವರು. ನಳಿಕೆ ತೆಗೆದುಕೊಂಡು, ಹೆಸರನ್ನು ಎರಡು ಸಲ ಓದಿ, ತಾಯಿಗೆ ಕುರ್ಚಿ ತೋರಿಸಿ ಒಳಗೆ ಹೋದರು. ಒಂದು ಗಂಟೆ ಆಗುತ್ತದೆ ಎಂದರು. ಕೆಲಸ ಹಚ್ಚಿ ಹೊರಗೆ ಬಂದಾಗ ನಾನು ಅವರ ಕಂಪ್ಯೂಟರಿನ ಬಗ್ಗೆ ಕೇಳಿದೆ.

"ಅದಾ ಮೇಡಂ? ಬಿಲ್ಲಿಂಗು, ಲ್ಯಾಬು, ನಾವು, ಎಲ್ರಿಗೂ ಸೇರಿ ಒಂದೇ. ಬೆಳಿಗ್ಗೆ ಹೊತ್ತು ಎತ್ತಿನ ಗಾಡಿ. ಭಾನುವಾರ ನೋಡ್ಬೇಕು, ಕುದುರೆ." ಅವರು ಸ್ವಲ್ಪ ಹತ್ತಿರಕ್ಕೆ ಬಾಗಿದರು. "ಒಂದು ತಮಾಷೆ ಹೇಳ್ತೀನಿ ಕೇಳಿ. ದಿನಾ ಬೆಳಿಗ್ಗೆ ಕರೆಕ್ಟಾಗಿ ಎಂಟಕ್ಕೆ ಯಾರೋ ಹೊರಗಿನವರು ಬಂದು ಸ್ಟಾಕ್ ಕೇಳ್ತಾರೆ ಅಂತ ಇದರಲ್ಲಿ ತೋರ್ಸುತ್ತೆ. ಇದು ಪಾಪ ಹುಡುಕಿ ತಂದು ಕೊಡೋಷ್ಟರಲ್ಲಿ ಆಸಾಮಿ ನಾಪತ್ತೆ. ಬಾಗಿಲು ತಟ್ಟಿ ಓಡೋ ಮಕ್ಕಳಿರ್ತಾರಲ್ಲ, ಹಂಗೆ. ಒಂದೂವರೆ ತಿಂಗಳಿಂದ ನಡೀತಿದೆ."

"ಅದು ನಾನೇ" ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ನರೆತ ಜುಟ್ಟು, ಕಾಟನ್ ಸೀರೆ, ಕೈಯಲ್ಲಿ ಛತ್ರಿ. "ನೀವಾ?" ಎಂದರು. ಆಮೇಲೆ ಒಳಗಿದ್ದ ಇನ್ನೊಬ್ಬರಿಗೆ ಕೇಳುವಂತೆ, "ಬನ್ರೀ ಇಲ್ಲಿ, ಬಾಗಿಲು ತಟ್ಟಿ ಓಡೋರು ಸಿಕ್ಕಿದ್ರು ನೋಡ್ರೀ!" ಎಂದು ಕೂಗಿದರು.

ನಾನು ಕೇಳಿಕೊಂಡದ್ದಕ್ಕೆ ಅವರೇ ಒಂದು ಸಲ ಕಂಪ್ಯೂಟರಿನಲ್ಲಿ ಸ್ಟಾಕ್ ಕೇಳಿ ತೋರಿಸಿದರು. ನಾನು ಕೈಗಡಿಯಾರ ನೋಡಿದೆ. ಹನ್ನೊಂದು ಸೆಕೆಂಡು. ಅಷ್ಟರಲ್ಲಿ ಅವರು ಒಂದು ಪುಸ್ತಕ ಮುಚ್ಚಿ, ಪೆನ್ನಿನ ಟೋಪಿ ಹಾಕಿ, ನೀರು ಕುಡಿದರು. ಅಷ್ಟೇ. ಹನ್ನೊಂದು ಸೆಕೆಂಡು ಎಂದರೆ ಅಷ್ಟೇ.

"ಬರುತ್ತೆ ಮೇಡಂ, ನಿಧಾನಕ್ಕೆ" ಎಂದರು. "ಬಂದದ್ದು ಸರಿಯಾಗಿರುತ್ತೆ."

ತಾಯಿ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳೋ ಇಲ್ಲವೋ ತಿಳಿಯಲಿಲ್ಲ. ಒಳಗಿನ ಬಾಗಿಲ ಮೇಲೆ ಅವಳ ಕಣ್ಣು. ಮ್ಯಾಚ್ ಆಯಿತು ಎಂದು ಅವರು ಬಂದು ಹೇಳಿದಾಗ ಅವಳು ಮೊದಲು ಡಬ್ಬಿಯ ಮುಚ್ಚಳ ತೆರೆದು ಹಿಡಿದಳು, ಆಮೇಲೆ ಉಸಿರು ಬಿಟ್ಟಳು.

ನಾವು ವಾಪಸು ಬಂದಾಗ ಎರಡೂವರೆ. ಸಿಸ್ಟರ್ ಸೂಜಿ ಹಾಕಿ, ಮೊದಲ ಹನಿಗಳನ್ನು ತೀರಾ ನಿಧಾನಕ್ಕೆ ಬಿಟ್ಟು, ಹುಡುಗಿಯ ಮುಖ ನೋಡುತ್ತ ಹದಿನೈದು ನಿಮಿಷ ಕದಲದೆ ನಿಂತಳು. ಏನೂ ತೊಂದರೆಯಿಲ್ಲ ಎಂದು ಗೊತ್ತಾದ ಮೇಲೆ ಹನಿಯನ್ನು ಸ್ವಲ್ಪ ಬೇಗ ಮಾಡಿ, ಊಟಕ್ಕೆ ಹೋದಳು. ನಾನು ಹಾಸಿಗೆಯ ಪಕ್ಕದಲ್ಲೇ ಲ್ಯಾಪ್‌ಟಾಪ್ ತೆರೆದು ಕೂತೆ. ಒಂದು ಅಂಕಿಯಿದ್ದಲ್ಲಿ ಎರಡು ಬರೆದೆ. ಬಾಗಿಲು ತೆರೆಯಲು ನಾಲ್ಕು ಸೆಕೆಂಡು, ಉತ್ತರ ತರಲು ನಲವತ್ತು. ಬಾಗಿಲೇ ತೆರೆಯದ ಕಂಪ್ಯೂಟರಿಗಾಗಿ ಬೆಳಗೆಲ್ಲ ಕೂರುವುದು ಬೇಡ. ತೆರೆದವರಿಗೆ ಒಳಗೆ ಹೋಗಿ ಬರುವಷ್ಟು ಹೊತ್ತು ಕೊಡೋಣ. ಇಷ್ಟು ಮಾಡಲು ಐದು ನಿಮಿಷ ಸಾಕಾಯಿತು. ಕೈಪಿಡಿಯನ್ನು ಎರಡನೆಯ ಸಲ ಓದಿದ್ದರೆ ಒಂದೂವರೆ ತಿಂಗಳ ಹಿಂದೆಯೂ ಐದೇ ನಿಮಿಷ ಸಾಕಾಗುತ್ತಿತ್ತು.

ಬಾಗಿಲೇ ತೆರೆಯದಿದ್ದರೆ, ಇಲ್ಲವೇ ನಲವತ್ತರಲ್ಲೂ ಉತ್ತರ ಬರದಿದ್ದರೆ ಏನು ತೋರಿಸುವುದು? ಕೆಂಪಂತೂ ಅಲ್ಲ.

"ಹಳದಿ ಹಾಕಲಾ?" ಎಂದು ಹುಡುಗಿಯನ್ನು ಕೇಳಿದೆ. ಅವಳಿಗೆ ಮಾತಾಡುವಷ್ಟು ಜೀವ ಬಂದಿತ್ತು.

"ಹಳದಿ ಬೇಡ ಮಿಸ್. ಹಳದಿ ನಾನೇ ಇದೀನಿ, ಕಣ್ಣು ನೋಡಿ."

"ಮತ್ತೆ?"

"ನೀಲಿ ಹಾಕಿ. ನೀಲಿ ಬಂದ್ರೆ ಸಿಸ್ಟರ್ ಫೋನ್ ಮಾಡ್ಬೇಕು ಅಂತ ಪಕ್ಕದಲ್ಲೇ ಬರೀರಿ. ನಂಬರ್ ಸಮೇತ. ಅವ್ರು ಮರೀತಾರೆ."

"ಯಾರೇ ಮರೆಯೋದು?" ಎಂದಿತು ಒಳಗಿನಿಂದ ಒಂದು ದನಿ, ಬಾಯಿ ತುಂಬ ಅನ್ನ ಇಟ್ಟುಕೊಂಡು.

ನೀಲಿ ಹಾಕಿದೆ. ಆಮೇಲೆ ಲಾಗನ್ನು ಮತ್ತೆ ಮೊದಲಿನಿಂದ ಓದಿದೆ, ಸಿಸ್ಟರ್ ಬರೆದಿಡುವ ರಿಜಿಸ್ಟರ್ ಪಕ್ಕದಲ್ಲಿಟ್ಟುಕೊಂಡು. ಆ ಒಂದೂವರೆ ತಿಂಗಳಲ್ಲಿ ತಡವಾದ ಮಕ್ಕಳು ಇನ್ನೂ ಇಬ್ಬರಿದ್ದರು. ಒಂದು ಮಗುವಿಗೆ ಎರಡು ದಿನ, ಇನ್ನೊಂದಕ್ಕೆ ಮೂರು. ಅವರಿಬ್ಬರೂ ಈಗ ಚೆನ್ನಾಗಿದ್ದಾರೆ. ಮುಂದಿನ ವಾರ ಅವರ ಮನೆಯವರು ಬಂದಾಗ ಇಬ್ಬರಿಗೂ ಹೇಳಿದೆ. ಒಬ್ಬ ತಾಯಿ, ಹೋಗ್ಲಿ ಬಿಡಿ ಆಂಟಿ, ಬೇಕು ಅಂತ ಮಾಡಿದ್ರಾ ಎಂದಳು. ಮಹದೇವಪುರದಿಂದ ಬರುವ ಒಬ್ಬ ತಂದೆ, ಕ್ಯಾಬ್ ಓಡಿಸುವವನು, ಪೂರ್ತಿ ಕೇಳಿಸಿಕೊಂಡ. ಈಗಲೂ ನನ್ನ ಜೊತೆ ಮಾತಾಡುವುದಿಲ್ಲ. ಮಗಳನ್ನು ಮಲಗಿಸಿ ಹೊರಗೆ ಹೋಗಿ ನಿಲ್ಲುತ್ತಾನೆ. ನಾನು ಆ ಮಗುವಿಗೆ ಲೆಕ್ಕ ಹೇಳಿಕೊಡುತ್ತೇನೆ, ಅದಕ್ಕೆ ಅವನು ಬೇಡ ಎಂದಿಲ್ಲ.

ಆ ಶುಕ್ರವಾರ ಚೀಲ ಖಾಲಿಯಾಗಲು ಆರು ಗಂಟೆಯಾಯಿತು. ಗಲ್ಲಿಯಲ್ಲಿ ಕಬಾಬಿನ ಹೊಗೆ ಏಳತೊಡಗಿತ್ತು. ಹುಡುಗಿ ನಿದ್ದೆ ಹೋಗಿದ್ದಳು, ತುಟಿಗೆ ಬಣ್ಣ ಬಂದಿತ್ತು. ತಾಯಿ ಅವಳ ಕಾಲ ಬಳಿ ಕೂತು ಸಿಸ್ಟರ್ ಕೊಟ್ಟ ಚಹಾ ಕುಡಿಯುತ್ತಿದ್ದಳು. ಬೆಳಗಿನಿಂದ ಅವಳು ಬಾಯಿಗೆ ಹಾಕಿಕೊಂಡದ್ದು ಅದೇ ಮೊದಲು.

ಸಿಸ್ಟರ್ ಸೂಜಿ ತೆಗೆದು, ಹತ್ತಿ ಇಟ್ಟು, ನನ್ನ ಬೆರಳನ್ನು ಹಿಡಿದು ಅದರ ಮೇಲಿಟ್ಟಳು. "ಒತ್ತಿ ಹಿಡ್ಕೋ. ಐದು ನಿಮಿಷ. ಬೇಗ ತೆಗೆದ್ರೆ ನೀಲಿ ಕಟ್ಟುತ್ತೆ" ಎಂದು ಇನ್ನೊಂದು ಮಗುವಿನ ಕಡೆ ಹೋದಳು.

ಒತ್ತಿ ಹಿಡಿದೆ. ತೋಳು ಬೆಚ್ಚಗಿತ್ತು. ಹತ್ತಿಯ ಅಡಿಯಲ್ಲಿ ನಾಡಿಯೋ, ನನ್ನದೇ ಬೆರಳಿನ ಬಡಿತವೋ, ಮೆಲ್ಲನೆ ಸಿಗುತ್ತಿತ್ತು. ತಾಯಿ ಲೋಟ ಕೆಳಗಿಟ್ಟು ಎದ್ದು ಬಂದು ಪಕ್ಕದಲ್ಲಿ ನಿಂತಳು.

"ನಿಂತೋಯ್ತಮ್ಮಾ" ಎಂದಳು. "ಸಾಕು, ಬಿಡಿ."

"ಇನ್ನು ಸ್ವಲ್ಪ ಹೊತ್ತು" ಎಂದೆ.

ಅವಳು ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತಳು.